ನನ್ನ ಸಾವಿಗೆ ಅರ್ಧ ದಿನ ರಜೆ

ನಾನು ಸತ್ತದ್ದಕ್ಕೆ ನಮ್ಮ ಶಾಲೆಗೆ ಅರ್ಧ ದಿನ ರಜೆ ಕೊಟ್ಟಿದ್ದರು. ಆಗ ನನಗೆ ಹದಿನಾಲ್ಕು ವರ್ಷ. ವಿಷಮಜ್ವರ ಬಿಟ್ಟು, ಕೂದಲೆಲ್ಲ ಉದುರಿ, ಬೋಳುತಲೆಗೊಂದು ಟೊಪ್ಪಿ ಸಿಕ್ಕಿಸಿಕೊಂಡು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ ದಿನವೇ ನನಗೆ ಇದು ತಿಳಿದದ್ದು. ಸತ್ತ ಸುದ್ದಿ ಸತ್ತವನಿಗೆ ಎಲ್ಲರಿಗಿಂತ ಕೊನೆಗೆ ತಲುಪುವುದು ಸಹಜವೇ ಇರಬಹುದು. ಆದರೆ ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಎಲ್ಲ ಆದದ್ದು ಒಂದು ಚೀಲದಿಂದ. ನನ್ನ ಅಪ್ಪ ಅಡುಗೆಯವರು. ಬದಿಯಡ್ಕದ ಸುತ್ತಮುತ್ತ ಮದುವೆ ಇರಲಿ, ಬೊಜ್ಜ ಇರಲಿ, ದೊಡ್ಡ ಊಟವೆಂದರೆ ಅಪ್ಪನ ಸೌಟೇ ಆಗಬೇಕು. ಬೊಜ್ಜವೆಂದರೆ ನಮ್ಮಲ್ಲಿ ಸತ್ತವರಿಗೆ ಹದಿಮೂರನೆಯ ದಿನ ಅನ್ನ ಇಟ್ಟು, ಊರಿಗೆ ಊಟ ಹಾಕಿ, ಅವರನ್ನು ಮರ್ಯಾದೆಯಿಂದ ಕಳುಹಿಸಿಕೊಡುವ ಕ್ರಮ. ನಾನು ಮಲಗಿದಾಗ ಅಪ್ಪ, ಮಗನ ಜ್ವರ ಬಿಡುವವರೆಗೆ ಯಾರ ಮನೆಯ ಒಲೆಯನ್ನೂ ಹಚ್ಚುವುದಿಲ್ಲ ಎಂದು ಪೇಟೆಯಲ್ಲಿ ನಾಲ್ಕು ಜನರ ಎದುರು ಹೇಳಿಬಿಟ್ಟಿದ್ದರು. ಮೂರು ವಾರದ ಮೇಲೆ ಜ್ವರ ಬಿಟ್ಟಿತು. ಬಿಟ್ಟ ಮರುದಿನವೇ ಎಲ್ಲಿಂದಲೋ ಒಂದು ಬೊಜ್ಜದ ಅಡುಗೆಗೆ ಕರೆ ಬಂತು. ಅಪ್ಪ ಪೇಟೆಗೆ ಹೋಗಿ ಕಪ್ಪೆಳ್ಳು, ಬಾಳೆಕಾಯಿ, ಹಾಗಲಕಾಯಿ ಕೊಂಡು ಚೀಲಕ್ಕೆ ತುಂಬಿಸಿದರು. ಈ ಮೂರೂ ಒಂದೇ ಚೀಲದಲ್ಲಿ ಕಂಡರೆ ನಮ್ಮ ಕಡೆ ಯಾರೂ ಯಾಕೆ ಎಂದು ಕೇಳುವುದಿಲ್ಲ, ಯಾರು ಎಂದು ಕೇಳುತ್ತಾರೆ. ನಮ್ಮ ಶಾಲೆಯ ಪ್ಯೂನ್ ಅದನ್ನೂ ಕೇಳಲಿಲ್ಲ. ಚೀಲ ನೋಡಿದ, ಅಪ್ಪನ ಕೆಂಪು ಕಣ್ಣು ನೋಡಿದ. ಹೊರಗಿನ ಅಡುಗೆ ಹಿಡಿಯುವುದಿಲ್ಲ ಎಂದ ಮನುಷ್ಯ ಬೊಜ್ಜದ ತರಕಾರಿ ಕೊಳ್ಳುತ್ತಿದ್ದಾನೆಂದರೆ ಅದು ಮನೆಯೊಳಗಿನದೇ ಎಂದು ತೀರ್ಮಾನಿಸಿದ. ಅಪ್ಪನ ಕಣ್ಣು ಒಲೆಯ ಹೊಗೆಗೆ ನಾನು ಹುಟ್ಟುವ ಮೊದಲಿನಿಂದಲೂ ಕೆಂಪಾಗಿಯೇ ಇತ್ತು.

ನಮ್ಮ ಮನೆ ಹೊಳೆಯ ಆಚೆ. ಮಳೆಗಾಲ. ಹುಡುಗ ಸತ್ತು ಹತ್ತು ಹನ್ನೆರಡು ದಿನ ಆಗಿರಬೇಕು, ದೋಣಿ ಸರಿಯಾಗಿ ಇಲ್ಲದ್ದರಿಂದ ಸುದ್ದಿ ಬಂದಿಲ್ಲ ಎಂದು ಪ್ಯೂನ್ ಹೆಡ್ಮಾಸ್ಟರರಿಗೆ ವಿವರಿಸಿದನಂತೆ. ಹೆಡ್ಮಾಸ್ಟರರು ಆ ವರ್ಷವೇ ಮಂಗಳೂರಿನಲ್ಲಿ ಅಧ್ಯಾಪಕರ ಯಾವುದೋ ಸಭೆಗೆ ಹೋಗಿ, ಸತ್ತವರಿಗಾಗಿ ಎಲ್ಲರೂ ಎದ್ದು ತಲೆ ತಗ್ಗಿಸಿ ಸುಮ್ಮನೆ ನಿಲ್ಲುವ ಹೊಸ ಕ್ರಮವನ್ನು ಕಲಿತು ಬಂದಿದ್ದರು. ಕಲಿತ ಮೇಲೆ ನಮ್ಮ ಶಾಲೆಯಲ್ಲಿ ಯಾರೂ ಸತ್ತಿರಲಿಲ್ಲ. ಹೀಗಾಗಿ ನನ್ನ ಸುದ್ದಿ ಅವರಿಗೆ ದುಃಖದ ಜೊತೆ ಒಂದು ಅವಕಾಶವೂ ಆಯಿತು. ಎಲ್ಲ ಹುಡುಗರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ನಾನು ವಿನಯವಂತ, ಗಣಿತದಲ್ಲಿ ಚುರುಕು ಎಂದೆಲ್ಲ ಹೇಳಿದರಂತೆ. ಬದುಕಿದ್ದಾಗ ಅವರು ನನ್ನ ಕಿವಿ ಹಿಂಡಿದ್ದೇ ಗಣಿತಕ್ಕೆ. ಮೌನ ಮುಗಿಸಿ ಅರ್ಧ ದಿನ ರಜೆ ಕೊಟ್ಟರು.

ನಾನು ಬಂದು ಎದುರು ನಿಂತಾಗ ಅವರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಂದದ್ದು ಬಂದೆ. ಹೋಗಿ ಕೂತ್ಕೋ," ಎಂದರು. ಶಾಲೆಗಳ ಇನ್‌ಸ್ಪೆಕ್ಟರು ಬಂದು ಆ ರಜೆ ಯಾಕೆ ಎಂದು ಕೇಳಿದರೆ ಹೇಳಲು ಈಗ ಕಾರಣವೇ ಉಳಿದಿರಲಿಲ್ಲ. ಆದ್ದರಿಂದ ಆ ಅರ್ಧ ದಿನವನ್ನು ಬರುವ ಶನಿವಾರ ತುಂಬಿಕೊಡಬೇಕು ಎಂದು ಅದೇ ಮಧ್ಯಾಹ್ನ ಎಲ್ಲ ತರಗತಿಗೂ ಹೇಳಿಸಿದರು. ನಾನು ಬದುಕಿ ಬಂದದ್ದರಿಂದ ಇಡೀ ಶಾಲೆಗೆ ಆದ ನಷ್ಟ ಇದು.

ಹೆಚ್ಚಿನವರು ಗೊಣಗಿ ಸುಮ್ಮನಾದರು. ಸುಮ್ಮನಾಗದವನು ಕೊನೆಯ ಬೆಂಚಿನ ಉದ್ದದವನು. ನಮಗಿಂತ ಎರಡು ವರ್ಷ ದೊಡ್ಡವನು, ಮೀಸೆಯ ಗೆರೆ ಮೂಡಿದವನು. ತರಗತಿ ನಗಬೇಕೋ ಬೇಡವೋ ಎಂಬುದು ಅವನ ಮುಖ ನೋಡಿ ನಿರ್ಧಾರವಾಗುತ್ತಿತ್ತು. ಆ ಶನಿವಾರ ಅವನು ತನ್ನ ಮಾವನ ಜೊತೆ ಕೋಳಿಅಂಕಕ್ಕೆ, ಅಂದರೆ ಹುಂಜಗಳ ಕಾಳಗಕ್ಕೆ, ಹೋಗುವುದಿತ್ತು. ಹುಂಜಕ್ಕೆ ಕಾಳು ಹಾಕಿ ಸಾಕಿದವನೇ ಅವನು. ಅದರ ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟುವಾಗ ಹಿಡಿದುಕೊಳ್ಳಲು ಮಾವ ಅವನನ್ನೇ ಕರೆದಿದ್ದರು. ಶನಿವಾರ ಅವನು ನನ್ನಿಂದಾಗಿ ಬಡ್ಡಿಲೆಕ್ಕ ಮಾಡುತ್ತ ಕುಳಿತ. ಹುಂಜ ಅವನಿಲ್ಲದೆಯೇ ಗೆದ್ದಿತು. ಸೋತಿದ್ದರಾದರೂ ನನಗೆ ಸ್ವಲ್ಪ ಕ್ಷಮೆ ಸಿಗುತ್ತಿತ್ತೋ ಏನೋ.

ಸೋಮವಾರ ನಾನು ತರಗತಿಗೆ ಕಾಲಿಟ್ಟೆ. ಇಡೀ ತರಗತಿ ಎದ್ದು ನಿಂತಿತು. ತಲೆ ತಗ್ಗಿಸಿತು. ಒಬ್ಬರೂ ಉಸಿರೆತ್ತಲಿಲ್ಲ. ನಾನು ಹೋಗಿ ನನ್ನ ಜಾಗದಲ್ಲಿ ಕುಳಿತ ಮೇಲೆ ಅವರೂ ಕುಳಿತರು. ಹಾಜರಿ ಕರೆಯುವಾಗ ನಾನು ಹಾಜರ್ ಎಂದ ಕೂಡಲೇ ಮತ್ತೆ ಎದ್ದರು.

ಇದೇ ನನ್ನ ಶಿಕ್ಷೆ. ಹೊಡೆಯಲಿಲ್ಲ, ಬೈಯಲಿಲ್ಲ, ಅಡ್ಡಹೆಸರು ಇಡಲಿಲ್ಲ. ನಾನು ಸತ್ತವನು, ಸತ್ತವನಿಗೆ ತೋರಿಸಬೇಕಾದ ಗೌರವವನ್ನು ಅವರು ತೋರಿಸುತ್ತಿದ್ದರು, ಅಷ್ಟೆ. ನಾನು ಏನಾದರೂ ಕೇಳಿದರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಎದುರು ಹೋಗಿ ನಿಂತರೆ ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ನನ್ನ ಕೊಡೆಯನ್ನು ಒಬ್ಬ ತೆಗೆದುಕೊಂಡ, ಸತ್ತವನಿಗೆ ಮಳೆ ತಾಗುವುದಿಲ್ಲವಲ್ಲ. ಟೊಪ್ಪಿಯನ್ನು ಇನ್ನೊಬ್ಬ ಹಾಕಿಕೊಂಡ. ಈ ಬಗ್ಗೆ ಯಾರ ಹತ್ತಿರ ದೂರು ಹೇಳುವುದು? ಎಲ್ಲರೂ ನನಗೆ ಎದ್ದು ನಿಲ್ಲುತ್ತಾರೆ ಸಾರ್ ಎಂದು ಹೇಳಲಾಗುತ್ತದೆಯೇ? ಗಣಿತದ ಮಾಸ್ಟರರು ಒಂದು ದಿನ ನನ್ನ ಹಿಂದೆಯೇ ಒಳಗೆ ಬಂದರು. ಹುಡುಗರೆಲ್ಲ ತಲೆತಗ್ಗಿಸಿ ನಿಂತದ್ದು ತಮಗೇ ಎಂದು ತಿಳಿದರು. ಮಾರನೆಯ ದಿನದಿಂದ ಅವರು ಒಗೆದ ಶಾಲು ಹೊದ್ದು ಬರತೊಡಗಿದರು. ಅವರ ಆ ಸುಖವನ್ನು ಕೆಡಿಸಲು ನನಗೂ ಮನಸ್ಸಾಗಲಿಲ್ಲ.

ಮಧ್ಯಾಹ್ನದ ಹೊತ್ತು ಎಲ್ಲಕ್ಕಿಂತ ಕಷ್ಟ. ನಮ್ಮ ಶಾಲೆ ಇದ್ದದ್ದು ಒಂದು ಪದವಿನ ಮೇಲೆ, ಅಂದರೆ ಬೋಳಾದ ಕೆಂಪುಕಲ್ಲಿನ ಬಯಲಿನ ಮೇಲೆ. ಹಿಂದುಗಡೆ ಒಂದು ಗೋಳಿಮರ. ಅದರ ಕೆಳಗೆ ನಾನು ಬುತ್ತಿ ಬಿಚ್ಚಿದರೆ ಏಳೆಂಟು ಜನ ಬಂದು ಸುತ್ತ ನಿಂತು ತಲೆ ತಗ್ಗಿಸುತ್ತಿದ್ದರು. ಅಷ್ಟು ಜನರ ಸಂತಾಪದ ನಡುವೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಅನ್ನವನ್ನು ಹಾಗೆಯೇ ಕಲ್ಲಿನ ಮೇಲೆ ಸುರಿದು ಏಳುತ್ತಿದ್ದೆ, ಗೋಳಿಮರದ ಕಾಗೆಗಳು ಇಳಿದು ಬಂದು ಮುಗಿಸುತ್ತಿದ್ದವು. ಆ ದಿನಗಳಲ್ಲಿ ನನ್ನನ್ನು ಕಂಡು ಏನಾದರೂ ಸದ್ದು ಮಾಡುತ್ತಿದ್ದದ್ದು ಕಾಗೆಗಳು ಮಾತ್ರ.

ಮೊದಲು ನನಗೆ ಸಿಟ್ಟು ಬಂತು. ನಾಲ್ಕೈದು ದಿನದಲ್ಲಿ ಸಿಟ್ಟು ಹೋಗಿ ನಾಚಿಕೆ ಬಂತು, ನಾನೇ ಏನೋ ಮಾಡಬಾರದ್ದು ಮಾಡಿ ತಿರುಗಿ ಬಂದಿದ್ದೇನೆ ಎಂಬಂತೆ. ಆಮೇಲೆ ಹೆದರಿಕೆ. ನಗುವವರು ನಗಲಿ, ನನಗೆ ನಿಜವಾಗಿಯೂ ಸಂಶಯ ಹತ್ತಿಬಿಟ್ಟಿತು. ಜ್ವರದ ಮೂರು ವಾರ ನನಗೆ ಏನೂ ನೆನಪಿರಲಿಲ್ಲ. ಅದರ ನಡುವೆ ಒಮ್ಮೆ ಸತ್ತಿದ್ದರೆ ನನಗೆ ತಿಳಿಯುವುದಾದರೂ ಹೇಗೆ? ಕುಲೆಗಳಿಗೆ, ಎಂದರೆ ಸತ್ತು ಅಲೆಯುವವರಿಗೆ, ಪಾದ ಹಿಂದುಮುಂದಾಗಿ ಇರುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ನಾನು ದಿನಕ್ಕೆ ಹತ್ತು ಸಲ ಪಾದ ನೋಡಿಕೊಳ್ಳುತ್ತಿದ್ದೆ. ನೆರಳೂ ಇರುವುದಿಲ್ಲ ಎಂದಿದ್ದರು. ಒಂದು ದಿನ ಬಿಸಿಲು ಬಂದಾಗ ನೋಡಿಯೇಬಿಡೋಣವೆಂದು ಪದವಿನ ನಡುವೆ ಹೋಗಿ ನಿಂತೆ. ನೆತ್ತಿಯ ಮೇಲೆ ಸೂರ್ಯ ಇರುವ ಹೊತ್ತೇ ಆಗಬೇಕೇ? ಕೆಳಗೆ ನೋಡಿದರೆ ನೆರಳೇ ಇಲ್ಲ. ಅಲ್ಲಿಂದ ಓಡಿದವನು ಶಾಲೆಯ ಬಾವಿಕಟ್ಟೆಯವರೆಗೆ ನಿಲ್ಲಲಿಲ್ಲ. ಈಗ ಬರೆಯುವಾಗ ನಗು ಬರುತ್ತದೆ. ಆಗ ಕಟ್ಟೆಗೆ ಒರಗಿ ಅತ್ತಿದ್ದೆ.

ಮನೆಯಲ್ಲಿ ಹೇಳಬಹುದಿತ್ತು. ಆದರೆ ಅಮ್ಮ ಮೂರು ವಾರ ನನ್ನ ಹಣೆಯ ಮೇಲಿನ ಬಟ್ಟೆ ಬದಲಿಸುತ್ತ, ಕಂಡ ದೇವರಿಗೆಲ್ಲ ಹರಕೆ ಹೇಳುತ್ತ ಕುಳಿತವರು. ಅವರ ಎದುರು ನಿಂತು, ಶಾಲೆಯಲ್ಲಿ ನಾನು ಸತ್ತಿದ್ದೇನೆ ಎಂದು ಯಾವ ಬಾಯಿಯಿಂದ ಹೇಳುವುದು? ನಾನು ಮನೆಯಲ್ಲೂ ಮಾತು ಕಡಿಮೆ ಮಾಡಿದೆ. ಜ್ವರ ಗಂಟಲಿಗೆ ಇಳಿದಿದೆ ಎಂದು ಅಮ್ಮ ದಿನಾ ಸಂಜೆ ಒಳ್ಳೆಮೆಣಸಿನ ಕಷಾಯ ಕುಡಿಸಿದರು. ನನ್ನ ಗಂಟಲಿನಲ್ಲಿ ಆ ಖಾರ ಉರಿಯುವಾಗ ಮಾತ್ರ, ಬದುಕಿದ್ದೇನೆ ಎಂದು ಸ್ವಲ್ಪ ಸಮಾಧಾನವಾಗುತ್ತಿತ್ತು.

ರಜೆ ತುಂಬಿಕೊಟ್ಟ ಆ ಶನಿವಾರದಿಂದ ಎಣಿಸಿ ಹದಿಮೂರನೆಯ ದಿನ ಉದ್ದದವನು ನನ್ನ ಬೊಜ್ಜ ಇಟ್ಟುಕೊಂಡ.

ಮಧ್ಯಾಹ್ನ ಗೋಳಿಮರದ ಕೆಳಗೆ ಹತ್ತು ಹದಿನೈದು ಜನ ಸೇರಿದರು. ಒಬ್ಬ ಬಾಳೆಎಲೆ ತಂದಿದ್ದ, ಇನ್ನೊಬ್ಬ ಕಾಗದದಲ್ಲಿ ಕಪ್ಪೆಳ್ಳು ಕಟ್ಟಿಕೊಂಡು ಬಂದಿದ್ದ. ಅವರವರ ಬುತ್ತಿಯಿಂದ ಒಂದೊಂದು ಹಿಡಿ ಅನ್ನ ತೆಗೆದರು. ನಾನು ದೂರ ಹೋಗಬೇಕಿತ್ತು. ಹೋಗಲಿಲ್ಲ. ತನ್ನ ಬೊಜ್ಜ ನೋಡುವ ಅವಕಾಶ ಎಲ್ಲರಿಗೆ ಸಿಗುವುದಿಲ್ಲ ಎಂಬ ಕುತೂಹಲ ಒಂದು, ಇದು ಮುಗಿದರೆ ನನ್ನ ಕಥೆಯೂ ಮುಗಿಯಿತು ಎಂಬ ಭಯ ಇನ್ನೊಂದು. ಕ್ರಮ ಹೀಗೆ: ಎಲೆಯಲ್ಲಿ ಅನ್ನ ಇಟ್ಟು ದೂರ ಸರಿಯಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರು ತೃಪ್ತರಾದರು, ಹೊರಟುಹೋದರು ಎಂದು ಅರ್ಥ. ಗೋಳಿಮರದ ಕಾಗೆಗಳಿಗೆ ನಾನೇ ಎರಡು ವಾರದಿಂದ ಆ ಜಾಗದಲ್ಲಿ ಅನ್ನ ಹಾಕಿ ರೂಢಿ ಮಾಡಿಸಿದ್ದೆ. ಅವು ಬಂದೇ ಬರುತ್ತಿದ್ದವು. ಬಂದರೆ, ನಾನು ಸತ್ತದ್ದು ಅಲ್ಲಿಗೆ ಗಟ್ಟಿಯಾದಂತೆ.

ಅವರು ಎಲೆ ಹಾಸಿದರು. ನನಗೆ ಮೈಯೆಲ್ಲ ಉರಿಯಿತು. ಮದುವೆಯ ಊಟಕ್ಕೆ ಹಾಸುವ ಹಾಗೆ ಹಾಸಿದ್ದರು. ಅನ್ನದಲ್ಲಿ ಯಾರದ್ದೋ ಮಿಡಿ ಉಪ್ಪಿನಕಾಯಿಯ ಕೆಂಪು ಬೇರೆ. ನಾನು ಅಪ್ಪನ ಹಿಂದೆ ಎಷ್ಟೋ ಬೊಜ್ಜಗಳಿಗೆ ಹೋಗಿ ಎಲೆ ಒರೆಸಿದವನು. ಸತ್ತವನು ನಾನೇ ಆದರೂ ಇಂಥ ಕೆಲಸ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ.

"ಎಲೆಯ ತುದಿ ತೆಂಕಕ್ಕೆ ಇರ್ಬೇಕು," ಎಂದೆ. "ಉಪ್ಪು ತಾಗಿದ ಅನ್ನ ಆಗುದಿಲ್ಲ."

ಎರಡು ವಾರದಲ್ಲಿ ಶಾಲೆಯಲ್ಲಿ ನಾನು ಆಡಿದ ಮೊದಲ ಉದ್ದದ ಮಾತು ಅದು. ಯಾರೂ ನನ್ನ ಕಡೆ ನೋಡಲಿಲ್ಲ, ಯಾರಿಗೂ ಕೇಳಿಸಲಿಲ್ಲ. ಆದರೆ ಒಂದು ಕೈ ಮುಂದೆ ಬಂದು ಎಲೆಯನ್ನು ತಿರುಗಿಸಿತು. ಇನ್ನೊಂದು ಕೈ ಉಪ್ಪಿನಕಾಯಿ ತಾಗಿದ ಅನ್ನವನ್ನು ತೆಗೆದು ಬದಿಗೆ ಹಾಕಿತು. ಎಳ್ಳು ಯಾವಾಗ ಹಾಕಬೇಕು, ನೀರು ಯಾವ ಕಡೆಯಿಂದ ಬಿಡಬೇಕು ಎಂದು ನಾನು ಹೇಳುತ್ತ ಹೋದೆ, ಅವರು ಕೇಳಿಸದವರ ಹಾಗೆ ಮಾಡುತ್ತ ಹೋದರು. ಕೊನೆಗೆ ನೋಡಿದರೆ ತಪ್ಪು ಹಿಡಿಯಲು ಏನೂ ಉಳಿಯದ ಹಾಗೆ ನನ್ನ ಬೊಜ್ಜ ಸಿದ್ಧವಾಗಿತ್ತು. ಅಪ್ಪ ನೋಡಿದ್ದರೆ ಮೆಚ್ಚುತ್ತಿದ್ದರು.

ಎಲ್ಲರೂ ಹಿಂದೆ ಸರಿದರು. ಉದ್ದದವನು ಕೈ ತಟ್ಟಿ ಕಾಗೆ ಕರೆದ. ಕಾಗೆ ಬರಲಿಲ್ಲ.

ಮತ್ತೆ ಕರೆದ. ಮರವನ್ನು ನೋಡಿದೆವು. ಮರದಲ್ಲಿ ಒಂದೇ ಒಂದು ಕಾಗೆ ಇರಲಿಲ್ಲ. ದಿನಾ ನಮ್ಮ ಕೈಯಿಂದ ತುತ್ತು ಕಸಿಯುವ ಜಾತಿ, ಆಕಾಶದ ಉದ್ದಕ್ಕೂ ಎಲ್ಲಿಯೂ ಇಲ್ಲ. ಮೊದಲು ನನಗೆ ಉಸಿರು ಬಂದ ಹಾಗಾಯಿತು. ಸ್ವಲ್ಪ ಹೊತ್ತಾದ ಮೇಲೆ ಬೇಸರವೂ ಆಯಿತು, ನನ್ನ ಅನ್ನ ಕಾಗೆಗೂ ಬೇಡವಾಯಿತೇ ಎಂದು. ಹುಡುಗರ ಮುಖದ ತಮಾಷೆ ನಿಧಾನವಾಗಿ ಇಳಿಯಿತು. ಕಾಗೆ ಮುಟ್ಟದಿದ್ದರೆ ಏನು ಅರ್ಥವೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಸತ್ತವರಿಗೆ ಏನೋ ಆಸೆ ಉಳಿದಿದೆ, ಅದನ್ನು ಊಹಿಸಿ, ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು.

ಕೊಡೆ ಎತ್ತಿಕೊಂಡವನು ಮೊದಲು ಬಾಯಿ ಬಿಟ್ಟ. ಕೊಡೆ ಹಿಂದೆ ಕೊಡುತ್ತೇನೆ ಎಂದು ಎಲೆಗೆ ಹೇಳಿದ. ಕಾಗೆ ಬರಲಿಲ್ಲ. ಟೊಪ್ಪಿಯವನು ಟೊಪ್ಪಿ ಕೊಡುತ್ತೇನೆ ಎಂದ. ಇನ್ನೊಬ್ಬ ಬುತ್ತಿಯ ಹತ್ತಿರ ಬಂದು ನಿಲ್ಲುವುದಿಲ್ಲ ಎಂದ. ಯಾರ ಕೆಲಸವೆಂದು ನನಗೆ ತಿಳಿಯದಿದ್ದದ್ದೂ ಹೊರಗೆ ಬಂತು: ನನ್ನ ಚಪ್ಪಲಿಯೊಳಗೆ ಅಂಟು ಹಾಕಿದ್ದು, ನಾನು ಕೂರುವ ಬೆಂಚಿನ ಕೆಳಗೆ ಬೂದಿ ಚೆಲ್ಲಿದ್ದು. ನಾನು ಅಲ್ಲೇ ನಾಲ್ಕು ಮಾರು ದೂರದಲ್ಲಿ ನಿಂತಿದ್ದೇನೆ, ಇವರು ಎಲ್ಲ ಮಾತನ್ನೂ ಒಂದು ಹಿಡಿ ಅನ್ನಕ್ಕೆ ಹೇಳುತ್ತಿದ್ದಾರೆ.

ಉದ್ದದವನು ಖಾಲಿ ಮರವನ್ನೇ ನೋಡುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಯಾಕೆಂದು ನನಗೆ ಗೊತ್ತಿತ್ತು, ಬಹುಶಃ ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹಿಂದಿನ ವರ್ಷ ಅವನ ಅಮ್ಮ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಆ ಬೊಜ್ಜದ ಅಡುಗೆ ಅಪ್ಪನದು, ಎಲೆ ಒರೆಸಿದ್ದು ನಾನು. ಅಲ್ಲಿಯೂ ಕಾಗೆ ಬಂದಿರಲಿಲ್ಲ. ಹಿರಿಯರೆಲ್ಲ ಒಬ್ಬೊಬ್ಬರಾಗಿ ಮಾತು ಕೊಟ್ಟರು. ಮೂಗುಬೊಟ್ಟು ಹೆಣ್ಣುಮಕ್ಕಳಿಗೆ ಎಂದರು, ಕಪಿಲೆ ದನವನ್ನು ಮಾರುವುದಿಲ್ಲ ಎಂದರು. ಸೂರ್ಯ ಇಳಿಯುವವರೆಗೆ ಕಾದು, ಕೊನೆಗೆ ಅನ್ನವನ್ನು ಹೊಳೆಗೆ ಬಿಟ್ಟರು. ಉದ್ದದವನು ಚಪ್ಪರದ ಕಂಬ ಹಿಡಿದು ನಿಂತಿದ್ದ. ಅಮ್ಮನಿಗೆ ಏನು ಬೇಕಿದ್ದೀತು ಎಂದು ಯಾರೂ ಅವನನ್ನು ಕೇಳಿರಲಿಲ್ಲ.

ಗಂಟೆ ಹೊಡೆಯಿತು. ಯಾರೂ ಕದಲಲಿಲ್ಲ. ಅವನು ಒಮ್ಮೆಗೇ ತಿರುಗಿ, ಎರಡು ವಾರದಲ್ಲಿ ಮೊದಲ ಸಲ, ನನ್ನ ಮುಖವನ್ನೇ ನೋಡಿದ.

"ನಿನಗೆ ಎಂತ ಬೇಕು? ಅದೊಂದು ಹೇಳಿಯಾದ್ರೂ ಸಾಯಿ ಮಾರಾಯ."

ನನಗೆ ಹೇಳಲು ಬೇಕಾದಷ್ಟಿತ್ತು. ರಾತ್ರಿಯೆಲ್ಲ ಮಲಗಿ ಜೋಡಿಸಿಟ್ಟ ಬೈಗುಳಗಳೇ ಒಂದು ಮೂಟೆ ಇತ್ತು. ಅವನು ಹಾಗೆ ಕೇಳಿದಾಗ ಅದೆಲ್ಲ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಉಳಿದದ್ದು ಒಂದೇ.

"ಹಸಿವಾಗ್ತದೆ," ಎಂದೆ.

ಹೋಗಿ ಎಲೆಯ ಮುಂದೆ ಕುಳಿತು ನನ್ನ ಬೊಜ್ಜದ ಅನ್ನವನ್ನು ನಾನೇ ಉಂಡೆ. ಉಪ್ಪಿಲ್ಲ, ಸಾರಿಲ್ಲ, ಎಳ್ಳು ಹಲ್ಲಿಗೆ ಸಿಕ್ಕುತ್ತಿತ್ತು. ಅಪ್ಪನ ಹೋಳಿಗೆಯೂ ನನಗೆ ಅಷ್ಟು ರುಚಿಸಿರಲಿಲ್ಲ. ಕಾಗೆಗೆ ಇಟ್ಟದ್ದನ್ನು ಮನುಷ್ಯ ತಿನ್ನುವುದನ್ನು ಅವರು ಯಾರೂ ಕಂಡಿರಲಿಲ್ಲ, ಬಾಯಿ ಕಳೆದು ನೋಡಿದರು. ಎರಡು ವಾರ ನನ್ನ ಊಟದ ಸುತ್ತ ತಲೆ ತಗ್ಗಿಸಿ ನಿಂತವರು ಈಗ ತಲೆ ಎತ್ತಿ ನಿಂತಿದ್ದರು. ಒಬ್ಬ ಚಿಕ್ಕವನು ಬದಿಗೆ ಹಾಕಿದ್ದ ಉಪ್ಪಿನಕಾಯಿಯ ಮಿಡಿಯನ್ನು ತಂದು ಎಲೆಯ ಅಂಚಿಗೆ ಇಟ್ಟ. ಬೊಜ್ಜಕ್ಕೆ ಅದು ಆಗುವುದಿಲ್ಲ, ಊಟಕ್ಕೆ ಆಗುತ್ತದೆ.

ಸಂಜೆ ಪದವು ಇಳಿಯುವಾಗ ಉದ್ದದವನು ನನ್ನ ಹಿಂದೆ ಹಿಂದೆಯೇ ಹೊಳೆಬದಿಯವರೆಗೂ ಬಂದ. ದೋಣಿ ಬರುವುದು ಕಂಡ ಮೇಲೆ ನೆಲ ನೋಡುತ್ತ ಕೇಳಿದ.

"ನೀನು ಸತ್ತಿದ್ದಿಯಲ್ಲ ಇಷ್ಟು ದಿನ. ಆಗ ನಿನಗೆ ಎಂತ ಬೇಕು ಅಂತ ಆಗ್ತಿತ್ತು?"

ಅವನು ತಮಾಷೆ ಮಾಡುತ್ತಿರಲಿಲ್ಲ. ಈ ವಿಷಯದಲ್ಲಿ ಅನುಭವ ಇರುವವನು ಊರಿನಲ್ಲಿ ನಾನೊಬ್ಬನೇ ಎಂದು ನಂಬಿ ಕೇಳುತ್ತಿದ್ದ. ನಾನೂ ಯೋಚಿಸಿಯೇ ಹೇಳಿದೆ.

"ಯಾರಾದ್ರೂ ಮಾತಾಡಿದ್ರೆ ಸಾಕಿತ್ತು. ಬೈದ್ರೂ ಆಗ್ತಿತ್ತು."

ಅವನು ತಲೆ ಆಡಿಸಿ ಹೊರಟುಹೋದ.

ಆ ಸಂಜೆ ಅಪ್ಪ ಬೈಯುತ್ತಲೇ ಮನೆಗೆ ಬಂದರು. ಪದವಿನ ಕೆಳಗೆ ಯಾರದ್ದೋ ದೊಡ್ಡ ಬೊಜ್ಜವಂತೆ, ಮುನ್ನೂರು ಎಲೆಯ ಅಡುಗೆ, ಸುತ್ತಲಿನ ಕಾಗೆಗಳೆಲ್ಲ ಅಲ್ಲಿಯೇ ಬಂದು ಕುಳಿತು ಕೆಲಸ ಮಾಡಲು ಬಿಡಲಿಲ್ಲವಂತೆ. ನಾನು ಕಷಾಯ ಬೇಡವೆಂದೆ. ನನ್ನ ಸ್ವರ ಕೇಳಿ ಅಮ್ಮ, ಒಳ್ಳೆಮೆಣಸು ಕೊನೆಗೂ ಹಿಡಿಯಿತು ಎಂದು ಸಂತೋಷಪಟ್ಟರು. ಕಾಗೆಗಳ ವಿಷಯವನ್ನು ನಾನು ಉದ್ದದವನಿಗೆ ಯಾವತ್ತೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವಾಗ ಅವನ ಮನೆಯ ಗದ್ದೆಯ ಹತ್ತಿರ ದೊಡ್ಡ ಸ್ವರ ಕೇಳಿಸಿತು. ಗದ್ದೆಯ ಅಂಚಿನಲ್ಲಿ ಅವನ ಅಮ್ಮನನ್ನು ಸುಟ್ಟ ಜಾಗದಲ್ಲಿ ಮಣ್ಣು ಏರಿಸಿ ದೂಪೆ ಮಾಡಿದ್ದರು. ಅದರ ಮುಂದೆ ಅವನು ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ನಿಂತು ಕೋಳಿಅಂಕದ ಕಥೆ ಹೇಳುತ್ತಿದ್ದ. ಮಾವನ ಹುಂಜ ಹೇಗೆ ಹಾರಿತು, ಎದುರಿನದು ಹೇಗೆ ತಪ್ಪಿಸಿಕೊಂಡಿತು, ಜನ ಹೇಗೆ ಕೂಗಿದರು ಎಂದು ಕೈ ಬೀಸಿ ತೋರಿಸುತ್ತಿದ್ದ. ಅವನು ನೋಡಿರದ ಕೋಳಿಅಂಕ ಅದು. ದಾರಿಯಲ್ಲಿ ಹೋಗುವ ಇಬ್ಬರು ಹೆಂಗಸರು ಹುಲ್ಲಿನ ಹೊರೆ ಹೊತ್ತುಕೊಂಡೇ ನಿಂತು, ಹುಡುಗನಿಗೆ ಏನಾಯಿತು ಎಂಬಂತೆ ಮುಖ ಮುಖ ನೋಡಿಕೊಂಡರು. ನನ್ನ ಹದಿಮೂರು ದಿನಗಳನ್ನು ನಾನು ಅವನಿಗೆ ಆ ಹೊತ್ತಿಗೆ ಬಿಟ್ಟುಕೊಟ್ಟೆ ಎಂದು ಕಾಣುತ್ತದೆ. ಕರೆಯದೆ, ಹುಂಜ ಗೆಲ್ಲುವವರೆಗೆ ಬೇಲಿಯ ಈಚೆ ಕಾದೆ.

ಅಷ್ಟಾಗುವಾಗ ಹೊತ್ತು ಮೀರಿತ್ತು. ಇಬ್ಬರೂ ಓಡಿದೆವು. ನಾನು ತರಗತಿಗೆ ಕಾಲಿಟ್ಟಾಗ ಒಬ್ಬನೂ ಏಳಲಿಲ್ಲ. ಎಲ್ಲರೂ ಅವರವರ ಜಾಗದಲ್ಲಿ ಕುಳಿತು, ಇವರಿಗೆ ಇವತ್ತು ಪೆಟ್ಟು ಬೀಳುತ್ತದೆ ಎಂದು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದರು. ತಮಗೆ ಯಾರೂ ಏಳದ್ದಕ್ಕೆ ಗಣಿತದ ಮಾಸ್ಟರರು ಮೊದಲೇ ಕೆಂಡವಾಗಿದ್ದರು. ತಡವಾಗಿ ಬಂದದ್ದಕ್ಕೆ ನಮ್ಮಿಬ್ಬರನ್ನೂ ಬೆಂಚಿನ ಮೇಲೆ ನಿಲ್ಲಿಸಿದರು. ಆ ದಿನ ಇಡೀ ತರಗತಿಯಲ್ಲಿ ನಿಂತವರು ನಾವಿಬ್ಬರೇ.